ಬೇಸ್‌ಮೆಂಟ್‌ನಲ್ಲಿ ರೂಮು ಕಟ್ಟುವ ಮುಂಚೆ: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಕಳಿಸಬೇಕು

ನ್ಯೂಜೆರ್ಸಿಯಲ್ಲಿ ಮನೆ ತಗೊಂಡ ಕನ್ನಡದವರ ಮಾತು ಎರಡನೇ ವರ್ಷಕ್ಕೆಲ್ಲ ಬೇಸ್‌ಮೆಂಟ್‌ಗೆ ಬಂದು ನಿಲ್ಲುತ್ತದೆ. ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ, ಮೇಲೆ ರೂಮು ಸಾಲದು. ಒಬ್ಬರಿಗೆ ಮನೆಯಿಂದಲೇ ಆಫೀಸು. ನವರಾತ್ರಿಗೆ ಗೊಂಬೆ ಕೂರಿಸಲು ಜಾಗ ಬೇಕು. ಕೆಳಗೆ ನೋಡಿದರೆ ಅಷ್ಟು ದೊಡ್ಡ ನೆಲಮಾಳಿಗೆ ಸುಮ್ನೆ ಬಿದ್ದಿದೆ. ಗೋಡೆಗೆ ಡ್ರೈವಾಲ್ (ಕಾಗದ ಹೊದಿಸಿದ ಜಿಪ್ಸಮ್ ಹಲಗೆ) ಹೊಡೆದು, ನೆಲಕ್ಕೆ ಏನಾದರೂ ಹಾಸಿದರೆ ಆಯಿತು, ಅಲ್ವಾ?

ನಾವೂ ಹಾಗೇ ಅಂದುಕೊಂಡೆವು. ನಮ್ಮದು 1960ರ ದಶಕದ ಮನೆ, ನೆಲದಡಿ ಸಿಂಡರ್ ಬ್ಲಾಕ್ (ಪೊಳ್ಳು ಸಿಮೆಂಟ್ ಇಟ್ಟಿಗೆ) ಗೋಡೆ. ಆಗಸ್ಟ್‌ನಲ್ಲಿ ಕೊಂಡಾಗ ಒಂದು ಹನಿಯೂ ಕಾಣಲಿಲ್ಲ. ಕಂಟ್ರಾಕ್ಟರ್ ಮೂರು ವಾರದಲ್ಲಿ ಗೋಡೆ ನಿಲ್ಲಿಸಿ ಕಾರ್ಪೆಟ್ ಹಾಸಿಕೊಟ್ಟರು. ನೀರಿನ ಮಾತು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಮಾರ್ಚ್‌ನಲ್ಲಿ ಹಿಮ ಕರಗುವಾಗ ಕೆಳಗೆ ಮಲಗುತ್ತಿದ್ದ ಅಮ್ಮ, "ಒದ್ದೆ ಗೋಣಿಚೀಲದ ವಾಸನೆ ಬರ್ತಿದೆ ಕಣೋ" ಅಂದರು. ಡ್ರೈವಾಲ್‌ನ ಕೆಳಗಿನ ಒಂದಡಿ ಕತ್ತರಿಸಿ ತೆಗೆದೆ. ಹಿಂಬದಿಯ ಕಾಗದ ದೋಸೆ ಹಿಟ್ಟಿನ ಹಾಗೆ ಬೆರಳಿಗೆ ಅಂಟಿತು. ಅದರ ತುಂಬ ಕಪ್ಪು ಚುಕ್ಕಿ. ಬೂಷ್ಟು.

ಎಲ್ಲವನ್ನೂ ಕಿತ್ತು ಎರಡನೇ ಸಲ ಶುರು ಮಾಡುವಾಗ ಕಲಿತದ್ದು ಇಲ್ಲಿದೆ.

ಬೇಸ್‌ಮೆಂಟ್ ಅನ್ನೋದೇ ಯಾಕಿದೆ?

ಚಳಿಯ ಊರುಗಳಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಪಾಯ ಮೇಲೆಮೇಲೆ ಇದ್ದರೆ ಅದನ್ನೂ ಎತ್ತಿಬಿಡುತ್ತದೆ. ಅದಕ್ಕೇ ಪಾಯ ಆ ಹೆಪ್ಪು ಇಳಿಯುವ ಆಳಕ್ಕಿಂತ ಕೆಳಗೆ ಕೂರಬೇಕು. ನ್ಯೂಜೆರ್ಸಿಯ ಹೆಚ್ಚಿನ ಕಡೆ ಸುಮಾರು 3 ಅಡಿ, ಶಿಕಾಗೋದಲ್ಲಿ ಮೂರೂವರೆ ಅಡಿ. ಹೇಗೂ ಅಷ್ಟು ಅಗೆಯಲೇಬೇಕು. ಇನ್ನು ನಾಲ್ಕೈದು ಅಡಿ ಅಗೆದರೆ ಒಂದು ಮಹಡಿಯೇ ಸಿಗುತ್ತದೆ. ನೆಲ ಅಷ್ಟಾಗಿ ಹೆಪ್ಪುಗಟ್ಟದ ಟೆಕ್ಸಾಸ್‌ನಲ್ಲಿ ಬೇಸ್‌ಮೆಂಟ್ ಅಪರೂಪ.

ತೊಂದರೆಯೂ ಈ ಅಗೆತದಲ್ಲೇ ಹುಟ್ಟುತ್ತದೆ. ಗುಂಡಿಯನ್ನು ಮನೆಗಿಂತ ಅಗಲವಾಗಿ ತೋಡುತ್ತಾರೆ. ಗೋಡೆ ಎದ್ದ ಮೇಲೆ ಸುತ್ತಲಿನ ಸಂದಿಗೆ ಅದೇ ಮಣ್ಣನ್ನು ಮರಳಿ ತುಂಬುತ್ತಾರೆ. ಎಷ್ಟೇ ದಮ್ಮಸ್ ಮಾಡಿದರೂ ಅದಕ್ಕೆ ಮೊದಲಿನ ಬಿಗಿ ಬರುವುದಿಲ್ಲ. ಸಸಿ ನೆಟ್ಟ ಗುಂಡಿಗೆ ಕೊಡ ನೀರು ಸುರಿದರೆ ಇಂಗುತ್ತದೆ, ಪಕ್ಕದ ತುಳಿದ ನೆಲಕ್ಕೆ ಸುರಿದರೆ ಹರಿದು ಹೋಗುತ್ತದೆ. ನಿಮ್ಮ ಮನೆ ಆ ಸಸಿಯ ಜಾಗದಲ್ಲಿದೆ. ಸುತ್ತ ಸಡಿಲ ಮಣ್ಣು, ಅದರಾಚೆ ಗಟ್ಟಿ ಜೇಡಿ. ಮಳೆ ನೀರು ಆ ಬಟ್ಟಲಲ್ಲೇ ಬಂದು ನಿಲ್ಲುತ್ತದೆ.

ನೀರು ಒಳಗೆ ಬರುವ ಮೂರು ಬಗೆ

ಒಂದು, ಒತ್ತಿಕೊಂಡು ಬರುವುದು. ತುಂಬಿದ ತೊಟ್ಟಿಯಲ್ಲಿ ಖಾಲಿ ಬಕೆಟ್ಟನ್ನು ಕೆಳಗೆ ಒತ್ತಿ ನೋಡಿದ್ದೀರಾ? ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಬಕೆಟ್‌ನಲ್ಲಿ ತೂತಿದ್ದರೆ ಅಲ್ಲಿಂದ ಕಾರಂಜಿ ಚಿಮ್ಮುತ್ತದೆ. ಬೇಸ್‌ಮೆಂಟ್ ಆ ಬಕೆಟ್. ಗೋಡೆಯ ಹೊರಗೆ 4 ಅಡಿ ನೀರು ನಿಂತರೆ, ಅದರ ತಳದಲ್ಲಿ ಪ್ರತಿ ಚದರ ಅಡಿಗೆ ಸುಮಾರು 113 ಕಿಲೋ ಒತ್ತಡ ಬೀಳುತ್ತದೆ. ಎರಡು ಮೂಟೆ ಸಿಮೆಂಟಿಗಿಂತ ಜಾಸ್ತಿ. ಈ ನೀರು ಸಂದಿ ಹುಡುಕುತ್ತದೆ: ಗೋಡೆಯ ಬಿರುಕು, ಪೈಪು ಹಾದುಹೋದ ತೂತು, ಮುಖ್ಯವಾಗಿ ಗೋಡೆಯೂ ನೆಲವೂ ಕೂಡುವ ಗೆರೆ. ಗೋಡೆ ಮೊದಲು ಎದ್ದು, ನೆಲದ ಕಾಂಕ್ರೀಟ್ ಆಮೇಲೆ ಬೀಳುವುದರಿಂದ ಆ ಗೆರೆ ಎಂದೂ ಪೂರ್ತಿ ಬೆಸೆದಿರುವುದಿಲ್ಲ. ಮಳೆ ಬಂದಾಗ ನೆಲದ ಅಂಚಿನಲ್ಲಿ ಉದ್ದಕ್ಕೆ ನೀರು ಕಂಡರೆ ಹೆಚ್ಚಾಗಿ ಅಲ್ಲಿಂದಲೇ.

ಎರಡು, ಹೀರಿಕೊಂಡು ಬರುವುದು. ದೀಪದ ಬತ್ತಿ ಎಣ್ಣೆಯನ್ನು ತಾನೇ ಮೇಲಕ್ಕೆ ಎಳೆಯುತ್ತದಲ್ಲ, ಕಾಂಕ್ರೀಟ್ ಕೂಡ ಹಾಗೇ. ಕಲ್ಲಿನ ಹಾಗೆ ಕಂಡರೂ ಒಳಗೆಲ್ಲ ಕಣ್ಣಿಗೆ ಕಾಣದ ಸಣ್ಣ ತೂತು. ಬೇಸಗೆಯಲ್ಲಿ ಮಣ್ಣಿನ ಹೂಜಿ ಬೆವರುವುದೂ ಇದೇ ಕಾರಣಕ್ಕೆ. ಈ ನೀರು ಹರಿಯುವುದಿಲ್ಲ, ಬರಿ ತೇವ. ಗೋಡೆಯ ಮೇಲೆ ಬಿಳಿ ಪುಡಿ ಕಂಡರೆ ಇದರ ಗುರುತು. ನೀರು ಗೋಡೆಯೊಳಗಿನ ಉಪ್ಪನ್ನು ಕರಗಿಸಿ ತಂದು, ತಾನು ಆರಿ ಉಪ್ಪನ್ನು ಬಿಟ್ಟುಹೋಗಿದೆ. ಅದು ಬೂಷ್ಟಲ್ಲ, ಉಜ್ಜಿದರೆ ಉದುರುತ್ತದೆ. ಆದರೆ ನೀರು ಓಡಾಡಿದೆ ಅನ್ನುವುದಕ್ಕೆ ಸಾಕ್ಷಿ.

ಮೂರನೆಯದು ಹೊರಗಿಂದ ಬಂದ ನೀರೇ ಅಲ್ಲ. ತಣ್ಣನೆಯ ಮಜ್ಜಿಗೆ ಲೋಟದ ಹೊರಮೈ ಬೆವರುತ್ತದೆ. ಲೋಟ ಸೋರಿದೆ ಎಂದು ಯಾರೂ ಹೇಳುವುದಿಲ್ಲ. ಗಾಳಿಯಲ್ಲಿದ್ದ ಆವಿ ತಣ್ಣನೆಯ ಮೈಗೆ ತಾಗಿ ನೀರಾಯಿತು, ಅಷ್ಟೇ. ಜುಲೈನಲ್ಲಿ 30 ಡಿಗ್ರಿ, ಶೇ. 60 ತೇವಾಂಶದ ಗಾಳಿ ಕೆಳಗಿಳಿದರೆ, ಸುಮಾರು 21 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಮೇಲೂ ಅದು ನೀರು ಬಿಡುತ್ತದೆ. ಮಣ್ಣಿಗೆ ಅಂಟಿಕೊಂಡ ಗೋಡೆ ಬೇಸಗೆಯಲ್ಲೂ ಅದಕ್ಕಿಂತ ತಣ್ಣಗಿರುವುದು ಮಾಮೂಲು. "ಗಾಳಿ ಆಡಲಿ" ಅಂತ ಜುಲೈನಲ್ಲಿ ಬೇಸ್‌ಮೆಂಟ್ ಕಿಟಕಿ ತೆರೆದಿಡುವುದು ನಮ್ಮ ಊರಿನ ಅಭ್ಯಾಸ. ಇಲ್ಲಿ ಅದೇ ಮುಳುವು.

ನಿಮ್ಮದು ಯಾವ ನೀರು?

ಇದು ಗೊತ್ತಾಗದೆ ದುಡ್ಡು ಖರ್ಚು ಮಾಡಬಾರದು. ಮೂರಕ್ಕೂ ಮದ್ದು ಬೇರೆ ಬೇರೆ.

ಒಂದು ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೋ ನೆಲಕ್ಕೋ ನಾಲ್ಕೂ ಕಡೆ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂಬದಿ ಒದ್ದೆಯಾಗಿದ್ದರೆ, ಅಥವಾ ಅಲ್ಲಿ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಗಾಳಿಯ ಬೆವರು. ಎರಡೂ ಕಡೆ ಒದ್ದೆಯಾಗುವುದೂ ಉಂಟು.

ಇದರ ಜೊತೆಗೆ ನಾನು ಇನ್ನೊಂದು ಮಾಡಿದೆ. ಮಗಳ ಸೀಮೆಸುಣ್ಣ ತಗೊಂಡು, ಪ್ರತಿ ಮಳೆಯ ಮಾರನೆಯ ದಿನ ನೆಲದ ಮೇಲಿನ ಒದ್ದೆಯ ಸುತ್ತ ಗೆರೆ ಎಳೆದು ತಾರೀಖು ಬರೆದೆ. ಎರಡು ತಿಂಗಳಲ್ಲಿ ನೆಲ ಭೂಪಟದ ಹಾಗಾಯಿತು. ಎಲ್ಲ ಗೆರೆಗಳೂ ಈಶಾನ್ಯದ ಮೂಲೆಗೆ ಸೇರುತ್ತಿದ್ದವು. ಹೊರಗೆ ಹೋಗಿ ನೋಡಿದರೆ ಸೂರಿನ ನೀರಿನ ಪೈಪು ಸರಿಯಾಗಿ ಆ ಮೂಲೆಗೇ ಇಳಿದು, ಗೋಡೆಯಿಂದ ಒಂದು ಗೇಣಿಗೆ ನಿಂತುಬಿಟ್ಟಿತ್ತು.

ಮೊದಲು ಸೂರು, ಆಮೇಲೆ ಅಂಗಳ

ಸಾವಿರ ಚದರ ಅಡಿ ಮಾಡಿನ ಮೇಲೆ 1 ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಸಾವಿರ ಲೀಟರಿನ ಎರಡು ಸಿಂಟೆಕ್ಸ್ ಟ್ಯಾಂಕ್ ತುಂಬಿ ಇನ್ನೂ ಉಳಿಯುತ್ತದೆ. ಅಷ್ಟನ್ನೂ ಒಂದೆರಡು ಪೈಪು ಗೋಡೆಯ ಬುಡಕ್ಕೆ, ಆಗಲೇ ಹೇಳಿದ ಬಟ್ಟಲಿಗೇ ಸುರಿದರೆ ಒಳಗೆ ಎಷ್ಟು ಖರ್ಚು ಮಾಡಿಯೂ ಏನು ಬಂತು?

ಮಲೆನಾಡಿನ ಹಳೆಯ ಮನೆಗಳವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸೂರಿಗೆ ಅಡಿಕೆ ದಂಬೆ ಕಟ್ಟಿ ನೀರನ್ನು ಅಂಗಳದಾಚೆ ಹಾರಿಸುತ್ತಾರೆ. ಮಳೆಗಾಲ ಹಿಡಿಯುವ ಮುಂಚೆ ಮನೆ ಸುತ್ತಲಿನ ಚರಂಡಿ ಬಿಡಿಸುತ್ತಾರೆ. ಇಲ್ಲೂ ಕೆಲಸ ಅದೇ. ಸೂರಿನಂಚಿನ ಗಟರ್‌ನಲ್ಲಿ ತುಂಬಿದ ಎಲೆ ತೆಗೆಯಿರಿ. ಇಳಿಪೈಪಿಗೆ ಉದ್ದದ ಜೋಡಣೆ ಹಾಕಿ ನೀರನ್ನು ಗೋಡೆಯಿಂದ ಕನಿಷ್ಠ 6 ಅಡಿ, ಸಾಧ್ಯವಾದರೆ 10 ಅಡಿ ದೂರ ಒಯ್ಯಿರಿ. ಮನೆ ಸುತ್ತಲಿನ ನೆಲ ಹೊರಗಡೆಗೆ ಇಳಿಜಾರಾಗಿರಬೇಕು. ಅಮೆರಿಕದ ಮಾದರಿ ಕಟ್ಟಡ ನಿಯಮ ಕೇಳುವುದು ಮೊದಲ 10 ಅಡಿಗೆ 6 ಇಂಚು ಇಳಿಜಾರು. ವರ್ಷಗಳು ಕಳೆದಂತೆ ತುಂಬಿದ ಮಣ್ಣು ಕುಸಿದು ಇಳಿಜಾರು ಮನೆಯ ಕಡೆಗೇ ತಿರುಗಿರುತ್ತದೆ. ಅಲ್ಲಿಗೆ ಜೇಡಿ ಮಣ್ಣು ತುಂಬಿ ಎತ್ತರಿಸಬೇಕು. ಮರಳೋ ಮರದ ಚೂರೋ ಹಾಕಿದರೆ ನೀರು ಅದರೊಳಗೇ ಇಳಿದುಹೋಗುತ್ತದೆ. ನೆಲಕ್ಕಿಂತ ಕೆಳಗಿರುವ ಕಿಟಕಿಗಳ ಮುಂದಿನ ಗುಂಡಿಯಲ್ಲಿ ಎಲೆ ಕಟ್ಟಿಕೊಂಡಿದೆಯಾ ನೋಡಿ.

ಇಷ್ಟಕ್ಕೆ ಬೇಕಾದದ್ದು ಏಣಿ, ಗುದ್ದಲಿ ಮತ್ತು ಒಂದು ವಾರಾಂತ್ಯ. ಬಹಳ ಮನೆಗಳ ಒದ್ದೆ ಇಲ್ಲಿಗೇ ನಿಲ್ಲುತ್ತದೆ ಅಥವಾ ತುಂಬಾ ತಗ್ಗುತ್ತದೆ. "ಉಚಿತ ತಪಾಸಣೆ"ಗೆ ಬರುವ ವಾಟರ್‌ಪ್ರೂಫಿಂಗ್ ಕಂಪನಿಯವರು ಇದನ್ನು ಮೊದಲು ಹೇಳುವುದು ಕಡಿಮೆ. ಗಟರ್ ತೊಳೆಸಿ ಯಾರೂ ಶ್ರೀಮಂತರಾಗುವುದಿಲ್ಲವಲ್ಲ.

ವಾಟರ್‌ಪ್ರೂಫ್ ಪೇಂಟ್ ಬಳಿದರೆ ಸಾಲದೇ?

ತೇವ ಮಾತ್ರ ಇದ್ದರೆ ಸ್ವಲ್ಪ ಉಪಯೋಗ. ಒತ್ತಿ ಬರುವ ನೀರಿಗೆ ಉಪಯೋಗವಿಲ್ಲ. ಪೇಂಟ್ ಇರುವುದು ಗೋಡೆಯ ಒಳಮೈಗೆ, ನೀರು ತಳ್ಳುವುದು ಹಿಂದಿನಿಂದ. ಬಾಗಿಲನ್ನು ಅದು ತೆರೆಯುವ ದಿಕ್ಕಿನಲ್ಲಿ ನಿಂತು ಟೇಪು ಹಚ್ಚಿ ತಡೆಯಲು ಹೋದಂತೆ. ಕೆಲವು ಕಾಲಕ್ಕೆ ಗುಳ್ಳೆ ಎದ್ದು ಹಪ್ಪಳದ ಹಾಗೆ ಉದುರುತ್ತದೆ.

ಹೊರಮೈಗೆ ಕಪ್ಪು ಡಾಂಬರು ಬಳಿದಿರುವ ಮನೆಗಳೂ ಇವೆ. ಅದಕ್ಕೆ ಇಲ್ಲಿ ಡ್ಯಾಂಪ್‌ಪ್ರೂಫಿಂಗ್ ಎನ್ನುತ್ತಾರೆ. ಅದು ಮಣ್ಣಿನ ತೇವವನ್ನು ತಡೆಯುತ್ತದೆ, ನಿಂತ ನೀರನ್ನಲ್ಲ. ಗೋಡೆ ಬಿರಿದರೆ ಡಾಂಬರೂ ಬಿರಿಯುತ್ತದೆ. ವಾಟರ್‌ಪ್ರೂಫಿಂಗ್ ಎಂದರೆ ಬಿರುಕಿನ ಮೇಲೂ ಹಿಗ್ಗಿ ಕೂರುವ ಪೊರೆ. ಮನೆ ಮಾರುವವರ ಕಾಗದದಲ್ಲಿ ಯಾವ ಪದ ಇದೆ ಗಮನಿಸಿ.

ಒಳಗೊಂದು ಬಸಿಗಾಲುವೆ

ಸೂರು, ಅಂಗಳ ಸರಿ ಮಾಡಿದ ಮೇಲೂ ನೀರು ಬಂದರೆ, ಅದು ನೆಲದಡಿಯಿಂದಲೇ ಏರುತ್ತಿದೆ ಎಂದರ್ಥ. ನಮ್ಮಲ್ಲಿ ಅರ್ಧ ಒದ್ದೆ ಹೋಯಿತು, ಅರ್ಧ ಉಳಿಯಿತು. ಆಗ ಮಾಡುವುದು ಅಡಿಕೆ ತೋಟದ ಕೆಲಸ. ತೋಟದಲ್ಲಿ ನೀರು ನಿಂತರೆ ಮರದ ಬೇರಿಗೆ ಬಣ್ಣ ಬಳಿಯುತ್ತೇವಾ? ಸಾಲುಗಳ ನಡುವೆ ಬಸಿಗಾಲುವೆ ತೋಡುತ್ತೇವೆ. ಅನ್ನ ಬಸಿದ ಹಾಗೆ ಮಣ್ಣಿನಿಂದ ನೀರು ಬಸಿದು ಹೋಗುತ್ತದೆ. ನೀರಿಗೆ ಗೋಡೆಗಿಂತ ಸುಲಭದ ದಾರಿ ಕೊಡುವುದು, ಇಷ್ಟೇ ಇದರ ಗುಟ್ಟು.

ಗೋಡೆಯ ಪಕ್ಕದಲ್ಲೇ ನೆಲದ ಕಾಂಕ್ರೀಟನ್ನು ಸುಮಾರು ಒಂದಡಿ ಅಗಲಕ್ಕೆ ಸುತ್ತಲೂ ಒಡೆಯುತ್ತಾರೆ. ಮೂರು ದಿನ ಮನೆಯೆಲ್ಲ ಬೂದಿ ಬಳಿದಂತೆ ಸಿಮೆಂಟ್ ಧೂಳು. ಒಡೆದಲ್ಲಿ ಕಾಲುವೆ ತೋಡಿ, ಜಲ್ಲಿ ಹಾಸಿ, ತೂತುಗಳಿರುವ 4 ಇಂಚಿನ ಪೈಪು ಮಲಗಿಸಿ, ಮತ್ತೆ ಜಲ್ಲಿ ತುಂಬಿ, ಮೇಲೆ ಕಾಂಕ್ರೀಟ್ ಮುಚ್ಚುತ್ತಾರೆ. ನಮ್ಮದು ಪೊಳ್ಳು ಬ್ಲಾಕಿನ ಗೋಡೆಯಾದ್ದರಿಂದ, ಬ್ಲಾಕುಗಳ ಹೊಟ್ಟೆಯಲ್ಲಿ ನಿಂತ ನೀರು ಇಳಿಯಲು ಕೆಳಗಿನ ಸಾಲಿಗೆ ತೂತು ಕೊರೆದರು. ಕೊರೆದ ಕೂಡಲೇ ಒಂದು ಬ್ಲಾಕಿನಿಂದ ಚಹಾ ಬಣ್ಣದ ನೀರು ಹತ್ತು ನಿಮಿಷ ಸುರಿಯಿತು. ಹೊರಗೆ ಮಳೆ ಬಂದು ಐದು ದಿನವಾಗಿತ್ತು.

ಹಳೆ ಮನೆಯವರು ಒಂದು ಎಚ್ಚರಿಕೆ ವಹಿಸಬೇಕು. ನೆಲದ ಮೇಲೆ 9 ಇಂಚು ಚೌಕದ ಹಳೆಯ ಟೈಲ್ ಇದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಪರೀಕ್ಷೆ ಮಾಡಿಸದೆ ಒಡೆಯಬೇಡಿ.

ಈ ಸಂಪು ಆ ಸಂಪಲ್ಲ

ಪೈಪಿನ ನೀರೆಲ್ಲ ಮೂಲೆಯ ಒಂದು ಗುಂಡಿಗೆ ಬಂದು ಬೀಳುತ್ತದೆ. ಅದರ ಹೆಸರು ಸಂಪು. ಬೆಂಗಳೂರಿನವರಿಗೆ ಇಲ್ಲೇ ಗಲಿಬಿಲಿ. ನಮ್ಮ ಸಂಪು ಕಾವೇರಿ ನೀರು ಬಂದಾಗ ತುಂಬಿಟ್ಟುಕೊಳ್ಳುವ ತೊಟ್ಟಿ, ತುಂಬಿದರೆ ಖುಷಿ. ಇಲ್ಲಿನದು ಬೇಡದ ನೀರು ಸೇರುವ ಗುಂಡಿ, ತುಂಬಿದರೆ ಗಾಬರಿ. ನಾನು ಫೋನಿನಲ್ಲಿ "ಸಂಪ್ ತುಂಬಿಬಿಟ್ಟಿದೆ" ಅಂದಾಗ ಮಾವ "ಒಳ್ಳೇದಾಯ್ತು ಬಿಡಿ" ಅಂದಿದ್ದರು.

ಗುಂಡಿಯಲ್ಲಿ ಒಂದು ಪಂಪು. ಸಾಮಾನ್ಯವಾಗಿ ಮೂರನೇ ಒಂದು ಅಥವಾ ಅರ್ಧ ಅಶ್ವಶಕ್ತಿಯದ್ದು. ನೀರು ಏರಿದರೆ ತೇಲುವ ಬುರುಡೆ ಮೇಲೇರಿ ಸ್ವಿಚ್ ಒತ್ತುತ್ತದೆ, ಪಂಪು ನೀರನ್ನು ಹೊರಗೆ ಎಸೆಯುತ್ತದೆ. ಎಸೆದ ನೀರು ವಾಪಸ್ ಬೀಳದಂತೆ ಪೈಪಿಗೆ ಒಂದು ಕವಾಟ ಇರಬೇಕು. ಅದನ್ನು ಎಲ್ಲಿಗೆ ಬಿಡುತ್ತೀರಿ ಅನ್ನುವುದೂ ಮುಖ್ಯ. ಗೋಡೆಯ ಬುಡಕ್ಕೇ ಬಿಟ್ಟರೆ ಅದೇ ನೀರು ತಿರುಗಿ ಗುಂಡಿಗೆ ಬರುತ್ತದೆ, ಪಂಪು ಗಾಣದೆತ್ತಿನ ಹಾಗೆ ಸುತ್ತುತ್ತಿರುತ್ತದೆ. ಮನೆಯ ಒಳಚರಂಡಿಗೆ ಬಿಡುವುದನ್ನು ಬಹಳ ಊರುಗಳು ನಿಷೇಧಿಸಿವೆ.

ಪಂಪಿನ ದೊಡ್ಡ ಕೊರತೆ ಕರೆಂಟು. ಜೋರು ಮಳೆ ಗಾಳಿ ಬರುವುದು, ಕರೆಂಟು ಹೋಗುವುದು ಒಂದೇ ಹೊತ್ತಿಗೆ. ಇಡಾ ಚಂಡಮಾರುತದ ಉಳಿಕೆ ಬಂದೆರಗಿದ 2021ರ ಸೆಪ್ಟೆಂಬರ್ 1ರಂದು ನೆವಾರ್ಕ್‌ನಲ್ಲಿ ಒಂದೇ ದಿನ 8 ಇಂಚಿಗೂ ಹೆಚ್ಚು ಮಳೆ ಬಿತ್ತು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಒಂದೇ ಗಂಟೆಗೆ 3.15 ಇಂಚು. ಅಂಥ ರಾತ್ರಿಗೆ ಬ್ಯಾಟರಿಯಿಂದ ಓಡುವ ಇನ್ನೊಂದು ಪಂಪು ಅದೇ ಗುಂಡಿಯಲ್ಲಿ ಇರಲೇಬೇಕು. ಬೇಸ್‌ಮೆಂಟ್‌ನಲ್ಲಿ ಯಾರಾದರೂ ಮಲಗುವುದಾದರೆ ಇದನ್ನು ಬಿಟ್ಟು ದುಡ್ಡು ಉಳಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೀದಿಯ ಚರಂಡಿ ತುಂಬಿ ಶೌಚದ ಪೈಪಿನಿಂದ ನೀರು ಉಕ್ಕುವ ಊರಾದರೆ, ಆ ಪೈಪಿಗೂ ಹಿಮ್ಮುಖ ತಡೆಯುವ ಕವಾಟ ಬೇಕು. ಪಂಪಿಗೂ ಅದಕ್ಕೂ ಸಂಬಂಧವಿಲ್ಲ.

ಹೊರಗಿಂದ ಅಗೆಯುವುದು, ಮತ್ತು ಬಿರುಕುಗಳು

ಇನ್ನೊಂದು ದಾರಿ, ಮನೆ ಸುತ್ತ ಪಾಯದವರೆಗೆ ಅಗೆದು, ಗೋಡೆಯ ಹೊರಮೈಗೆ ಪೊರೆ ಹಚ್ಚಿ, ಅಲ್ಲೇ ಕೆಳಗೆ ಬಸಿಗಾಲುವೆ ಹಾಕುವುದು. ನೀರನ್ನು ಗೋಡೆಗೆ ತಾಗದಂತೆಯೇ ತಡೆಯುವುದರಿಂದ ಇದು ಹೆಚ್ಚು ಭದ್ರ. ಆದರೆ ಗಿಡ, ಮೆಟ್ಟಿಲು, ಡ್ರೈವ್‌ವೇ ಎಲ್ಲ ಹೋಗುತ್ತದೆ, ಖರ್ಚೂ ಬಹಳ ಜಾಸ್ತಿ. ಹೊಸ ಮನೆ ಕಟ್ಟಿಸುವವರು ಆಗಲೇ ಮಾಡಿಸಿಬಿಟ್ಟರೆ ಒಳ್ಳೆಯದು.

ಬಿರುಕುಗಳಲ್ಲಿ ನಿಂತ ಗೆರೆಗೂ ಮಲಗಿದ ಗೆರೆಗೂ ವ್ಯತ್ಯಾಸ ಇದೆ. ಎರಕ ಹೊಯ್ದ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿರುಕು ಇದ್ದರೆ ಅದು ಸಾಮಾನ್ಯವಾಗಿ ಕಾಂಕ್ರೀಟ್ ಆರುವಾಗ ಕುಗ್ಗಿದ್ದು. ಅದರೊಳಗೆ ಪಾಲಿಯುರೆಥೇನ್ ಚುಚ್ಚಿದರೆ ಅದು ಉಬ್ಬಿ ಸಂದಿ ಮುಚ್ಚುತ್ತದೆ. ಗೋಡೆಯ ನಡುಮಟ್ಟದಲ್ಲಿ ಅಡ್ಡಡ್ಡ ಬಿರುಕಿದ್ದರೆ, ಗೋಡೆ ಒಳಗೆ ಬಾಗಿದ್ದರೆ, ಹೊರಗಿನ ಮಣ್ಣು ಅದನ್ನು ತಳ್ಳುತ್ತಿದೆ. ಅದು ವಾಟರ್‌ಪ್ರೂಫಿಂಗ್‌ನವರ ಕೆಲಸವೇ ಅಲ್ಲ. ಏನನ್ನೂ ಮಾರದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೀ ಕೊಟ್ಟು ತೋರಿಸಿ.

ನೆಲ ಒಡೆದಿರುವಾಗಲೇ ರೇಡಾನ್

ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ಹೋದಂತೆ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೀರು ಬರುವ ಸಂದಿಗಳಿಂದಲೇ ಬೇಸ್‌ಮೆಂಟ್‌ಗೆ ಬರುತ್ತದೆ. ಅಮೆರಿಕದಲ್ಲಿ ಸಿಗರೇಟಿನ ನಂತರ ಶ್ವಾಸಕೋಶದ ಕ್ಯಾನ್ಸರ್‌ಗೆ ಎರಡನೇ ದೊಡ್ಡ ಕಾರಣ ಇದು. ಲೀಟರ್ ಗಾಳಿಗೆ 4 ಪೈಕೊಕ್ಯೂರಿ (ವಿಕಿರಣದ ಅಳತೆ) ಅಥವಾ ಹೆಚ್ಚು ಬಂದರೆ ಸರಿಪಡಿಸಿ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನೆಲದಡಿಯ ಗಾಳಿಯನ್ನು ಫ್ಯಾನ್ ಹಾಕಿ ಸೂರಿನ ಮೇಲಕ್ಕೆ ಹೊರಗೆ ಬಿಡುವುದು ಮದ್ದು. ಆ ಪೈಪು ಹಾಕಿಸಲು ನೆಲ ಒಡೆದಿರುವಾಗಲೇ ಸುಲಭ. ಸಂಪಿನ ಗುಂಡಿಗೆ ಗಾಳಿಯಾಡದ ಮುಚ್ಚಳ ಬೇಕಾಗುವುದೂ ಇದಕ್ಕೇ.

ಇನ್ನು ಗೋಡೆ ನಿಲ್ಲಿಸಬಹುದು

ಮೊದಲ ಸಲ ನಮ್ಮಲ್ಲಿ ಮರದ ಚೌಕಟ್ಟನ್ನು ಬ್ಲಾಕ್ ಗೋಡೆಗೇ ತಾಗಿಸಿ, ನಡುವೆ ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ಹತ್ತಿ ತುಂಬಿದ್ದರು. ಕೋಣೆಯ ಗಾಳಿ ಹತ್ತಿಯೊಳಗೆ ತೂರಿ, ತಣ್ಣನೆಯ ಬ್ಲಾಕ್ ಮುಟ್ಟಿ, ಅಲ್ಲಿ ಬೆವರಿಳಿಸುತ್ತಿತ್ತು. ಹತ್ತಿ ಅದನ್ನು ಸ್ಪಂಜಿನ ಹಾಗೆ ಹಿಡಿದಿತ್ತು. ಈ ಸಲ ಗಟ್ಟಿ ಫೋಮಿನ ಹಲಗೆಗಳನ್ನು ಗೋಡೆಗೆ ಅಂಟಿಸಿ, ಜೋಡಣೆಗಳಿಗೆ ಟೇಪು ಹಾಕಿ, ಅದರ ಮುಂದೆ ಚೌಕಟ್ಟು ನಿಲ್ಲಿಸಿದರು. ಮಜ್ಜಿಗೆ ಲೋಟಕ್ಕೆ ದಪ್ಪ ಬಟ್ಟೆ ಸುತ್ತಿದಂತೆ. ಕೋಣೆಯ ಗಾಳಿಗೆ ತಣ್ಣನೆಯ ಮೈ ಸಿಗುವುದೇ ಇಲ್ಲ. ನೆಲ ತಾಗುವ ಮರ ರಾಸಾಯನಿಕ ಉಣಿಸಿದ್ದು, ಡ್ರೈವಾಲ್ ನೆಲದಿಂದ ಅರ್ಧ ಇಂಚು ಮೇಲೆ. ಆ ಸಂದಿಯನ್ನು ಕೆಳಪಟ್ಟಿ ಮುಚ್ಚುತ್ತದೆ. ಕಾರ್ಪೆಟ್ ಬದಲು ವಿನೈಲ್ ಹಲಗೆ. ಬೇಸಗೆಯಲ್ಲಿ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಓಡುತ್ತಿರುತ್ತದೆ, ತೇವಾಂಶ ಶೇ. 50ರ ಆಸುಪಾಸು. ಎಂದಾದರೂ ನೀರು ನುಗ್ಗಿದರೆ 24ರಿಂದ 48 ಗಂಟೆಯೊಳಗೆ ಒಣಗಿಸಬೇಕು, ಆಮೇಲೆ ಬೂಷ್ಟು ಹಿಡಿಯುತ್ತದೆ.

ಮಲಗುವ ಕೋಣೆ ಮಾಡುವುದಾದರೆ ಹೊರಗೆ ದಾಟುವಂಥ ಕಿಟಕಿ ಬೇಕು. ಮಾದರಿ ನಿಯಮದ ಪ್ರಕಾರ ತೆರೆದ ಜಾಗ 5.7 ಚದರ ಅಡಿ, ಕೆಳಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಇಡಾ ರಾತ್ರಿ ನ್ಯೂಯಾರ್ಕ್ ನಗರದಲ್ಲಿ 11 ಜನ ಬೇಸ್‌ಮೆಂಟ್ ಮನೆಗಳಲ್ಲಿ ಮುಳುಗಿ ಸತ್ತರು. ಆ ಕಿಟಕಿಯ ಹೊರಗುಂಡಿಗೂ ನೀರು ಬಸಿಯುವ ದಾರಿ ಇರಬೇಕು. ಇಲ್ಲದಿದ್ದರೆ ಅದೇ ಹೊಸ ತೊಟ್ಟಿ.

ವಿಮೆಯ ಬಗ್ಗೆ ಎರಡು ಮಾತು. ಮಾಮೂಲು ಮನೆ ವಿಮೆ ಪ್ರವಾಹವನ್ನೂ ನೆಲದಿಂದ ಜಿನುಗುವ ನೀರನ್ನೂ ಒಳಗೊಳ್ಳುವುದಿಲ್ಲ. ಪಂಪು ಕೆಟ್ಟು ಉಕ್ಕುವ ನೀರಿಗೆ ಪ್ರತ್ಯೇಕ ಸೇರ್ಪಡೆ ಕೊಳ್ಳಬೇಕು. 1968ರಲ್ಲಿ ಶುರುವಾದ ಸರ್ಕಾರಿ ಪ್ರವಾಹ ವಿಮೆ ಬೇಸ್‌ಮೆಂಟ್‌ನ ಬಾಯ್ಲರ್, ವಿದ್ಯುತ್ ಪೆಟ್ಟಿಗೆಯಂಥವಕ್ಕೆ ದುಡ್ಡು ಕೊಡುತ್ತದೆ, ನೆಲಹಾಸು, ಸೋಫಾ, ಟಿವಿಗೆ ಇಲ್ಲ.

ಕಡೆಯದಾಗಿ, ಎಷ್ಟು ಕಾಯಬೇಕು? ಕನಿಷ್ಠ ಒಂದು ಹಿಮ ಕರಗುವ ಕಾಲ ಮತ್ತು ಒಂದು ದೊಡ್ಡ ಮಳೆ ದಾಟುವವರೆಗೆ. ನಮ್ಮ ಕಾಲುವೆ ಕೆಲಸ ಮುಗಿದದ್ದು ಅಕ್ಟೋಬರ್‌ನಲ್ಲಿ, ಡ್ರೈವಾಲ್ ಎದ್ದದ್ದು ಮುಂದಿನ ಜೂನ್‌ನಲ್ಲಿ. ಆ ಎಂಟು ತಿಂಗಳು ಸೀಮೆಸುಣ್ಣ ಮೆಟ್ಟಿಲ ಮೇಲೇ ಇತ್ತು. ನವೆಂಬರ್‌ನಲ್ಲಿ ಒಂದು ಗೆರೆ ಎಳೆದೆ, ಅಂಗೈಯಷ್ಟು ಒದ್ದೆ. ಅದಾದ ಮೇಲೆ ಎಳೆಯಲು ಏನೂ ಸಿಗಲಿಲ್ಲ. ಗೆರೆಗಳನ್ನು ಅಳಿಸದೆ ಅವುಗಳ ಮೇಲೇ ವಿನೈಲ್ ಹಾಸಿದೆವು.